ವಾರದ ಸಂತೆ, ಸೆರೆಮನೆಯ ತಟ್ಟೆ

ನಮ್ಮಲ್ಲಿ ವಾರಕ್ಕೂ ಸಂತೆಗೂ ಹಳೆಯ ನಂಟು. ಸೋಮವಾರಪೇಟೆ, ಶನಿವಾರಸಂತೆ ಎಂಬ ಊರ ಹೆಸರುಗಳಲ್ಲೇ ಅದು ಉಳಿದುಕೊಂಡಿದೆ. ಬಟವಾಡೆ ಆದ ಮೇಲೆ ಸಂತೆಗೆ ಹೊರಡುವುದು ಮಲೆನಾಡಿನ ತೋಟದ ಕೂಲಿಯವರ ರೂಢಿ. ದುಡ್ಡು ಕೈಗೆ ಬರುವುದು ವಾರಕ್ಕೊಮ್ಮೆ, ಆದ್ದರಿಂದ ಸಾಮಾನು ತರುವುದೂ ವಾರಕ್ಕೊಮ್ಮೆ, ಲೆಕ್ಕ ಹಾಕುವುದೂ ವಾರದ ಅಳತೆಯಲ್ಲೇ. ‘ಈ ಸಲ ಸಂತೆಗೆ ಎಷ್ಟಾಯಿತು?’ ಎಂಬುದು ಮನೆಯೊಳಗೆ ದಿನವೂ ಕೇಳಿಬರುವಂಥ ಸಾಧಾರಣ ಮಾತು.

ಇದೇ ಮಾತನ್ನು ಮನೆಯ ಹೊರಗಿನವರು, ಕೈಯಲ್ಲಿ ಕಾಗದ ಹಿಡಿದು ಬಂದು ಕೇಳತೊಡಗಿದಾಗ ಅದು ಸಾಧಾರಣವಾಗಿ ಉಳಿಯಲಿಲ್ಲ. ಉತ್ತರವನ್ನು ನೋಡಿ ಕೂಲಿ ಎಷ್ಟಿರಬೇಕೆಂದು ಗೊತ್ತುಮಾಡಿದರು, ಬಡವರು ಯಾರೆಂದು ಗೆರೆ ಎಳೆದರು, ಬರಗಾಲದಲ್ಲಿ ಯಾರಿಗೆ ಎಷ್ಟು ಕಾಳು ಅಳೆದು ಕೊಡಬೇಕೆಂದು ತೀರ್ಮಾನಿಸಿದರು. ಈ ಪ್ರಶ್ನೆಯ ಚರಿತ್ರೆಯನ್ನು ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ಮತ್ತೆ ಮತ್ತೆ ಕಾಡಿತು. ಒಂದು ಸಂಸಾರದ ಊಟಕ್ಕೆ ಎಷ್ಟು ಬೇಕು ಎಂದು ಅಳೆಯಲು ಹೊರಟವರ ಕೈಯಲ್ಲಿ ಅಳತೆಗೋಲಾಗಿ ಇದ್ದದ್ದು ಬಹುಪಾಲು ಸೆರೆಮನೆಯ ತಟ್ಟೆ, ಇಲ್ಲವೇ ಅನಾಥಾಲಯದ ಗಂಜಿ.

ಮೊದಲಿಗೆ ಬೆಲ್ಜಿಯಮ್ಮನ್ನೇ ನೋಡೋಣ. ಎಡ್ವರ್ಡ್ ಡ್ಯುಕ್ಪೆಶಿಯೊ ಎಂಬ ಅಧಿಕಾರಿ 1855ರಲ್ಲಿ ಅಲ್ಲಿನ 199 ದುಡಿಯುವ ಕುಟುಂಬಗಳ ಜಮಾಖರ್ಚನ್ನು ಪ್ರಕಟಿಸಿದರು. ಅವರ ಹುದ್ದೆ ಸೆರೆಮನೆಗಳ ಮಹಾನಿರೀಕ್ಷಕರದು. ಹೀಗಾಗಿ ಕೂಲಿಕಾರನ ಊಟವನ್ನು ಕೈದಿಯ ಊಟದ ಪಕ್ಕದಲ್ಲಿಟ್ಟು ನೋಡುವುದು ಅವರಿಗೆ ಸಹಜವಾಗಿಯೇ ಬಂತು. ಕೈದಿಗೆ ಸಿಗುವಷ್ಟು ಆಹಾರವೂ ದುಡಿಯುವ ಬಹಳಷ್ಟು ಕುಟುಂಬಗಳಿಗೆ ದಕ್ಕುತ್ತಿಲ್ಲ ಎಂಬುದು ಅವರಿಗೆ ಕಂಡ ಸತ್ಯ. ಕಾರ್ಲ್ ಮಾರ್ಕ್ಸ್ ‘ಬಂಡವಾಳ’ ಗ್ರಂಥದ ಮೊದಲ ಸಂಪುಟದಲ್ಲಿ ಈ ಹೋಲಿಕೆಯನ್ನೇ ಎತ್ತಿಕೊಂಡರು. ಅದೇ ಅಂಕಿಗಳನ್ನು ಸ್ಯಾಕ್ಸನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ ಬೇರೆ ಕಣ್ಣಿನಿಂದ ಓದಿದರು. (ಇವರು ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್ ಅಲ್ಲ.) ಕುಟುಂಬ ಬಡವಾದಷ್ಟೂ ಅದರ ಖರ್ಚಿನಲ್ಲಿ ಊಟದ ಪಾಲು ಹೆಚ್ಚು, ವರಮಾನ ಏರಿದಂತೆ ಆ ಪಾಲು ಇಳಿಯುತ್ತದೆ ಎಂದು 1857ರಲ್ಲಿ ಅವರು ಬರೆದರು. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುವ ‘ಎಂಗೆಲ್ ನಿಯಮ’ ಇದು. ನೂರು ರೂಪಾಯಿಯಲ್ಲಿ ಅರವತ್ತು ಹೊಟ್ಟೆಗೇ ಹೋದರೆ ಮಗುವಿನ ಸ್ಲೇಟಿಗೆ, ಜ್ವರದ ಔಷಧಿಗೆ, ಹರಿದ ಚಪ್ಪಲಿಗೆ ಉಳಿಯುವುದು ಎಷ್ಟು? ನಿಯಮ ಹೇಳುವುದು ಇಷ್ಟನ್ನೇ.

ಕಾಲು ಶತಮಾನ ಕಳೆಯುವುದರೊಳಗೆ ಸೆರೆಮನೆಯ ಅಳತೆಗೋಲು ನಮ್ಮ ದೇಶದಲ್ಲೂ ಕಾಣಿಸಿಕೊಂಡಿತು. ಆದರೆ ಇಲ್ಲಿ ಅದನ್ನು ಹಿಡಿದವರು ಆಳುವವರನ್ನೇ ಪ್ರಶ್ನಿಸಲು ಹಿಡಿದರು. 1876ರಲ್ಲಿ ದಾದಾಭಾಯಿ ನವರೋಜಿ ಭಾರತದ ಬಡತನದ ಮೇಲೆ ಪ್ರಬಂಧ ಮಂಡಿಸಿದರು. ದೇಶದ ತಲಾ ವರಮಾನ ವರ್ಷಕ್ಕೆ ಸುಮಾರು 20 ರೂಪಾಯಿ ಎಂದು ಲೆಕ್ಕ ಹಾಕಿದ ಅವರು, ಅದನ್ನು ಎರಡು ಖರ್ಚುಗಳ ಜೊತೆ ಇಟ್ಟು ತೂಗಿದರು. ಒಂದು, ಹಡಗಿನಲ್ಲಿ ಹೊರದೇಶಗಳಿಗೆ ಹೋಗುವ ಕೂಲಿಗಳಿಗೆ ಸರ್ಕಾರಿ ವೈದ್ಯರು ಗೊತ್ತುಮಾಡಿದ್ದ ಅಕ್ಕಿ, ಬೇಳೆ, ಎಣ್ಣೆ, ತರಕಾರಿಗಳ ಪಡಿ. ಇನ್ನೊಂದು, ಸೆರೆಮನೆಗಳಲ್ಲಿ ಕೈದಿಯೊಬ್ಬನ ಊಟ, ಬಟ್ಟೆಗೆ ಸರ್ಕಾರ ಮಾಡುತ್ತಿದ್ದ ಖರ್ಚು. ಕಳ್ಳತನ ಮಾಡಿ ಒಳಗೆ ಹೋದವನಿಗೆ ಸರ್ಕಾರ ಖರ್ಚು ಮಾಡುವಷ್ಟು ಕೂಡ ಹೊರಗೆ ದುಡಿದು ಬದುಕುವವನ ಪಾಲಿಗೆ ಬರುವುದಿಲ್ಲ ಎಂಬುದು ಅವರ ವಾದದ ತಿರುಳು. ಭಾರತದಲ್ಲಿ ಬಡತನಕ್ಕೆ ಎಳೆದ ಮೊದಲ ಗೆರೆ ಇದು ಎಂದು ಹಲವರು ಹೇಳುತ್ತಾರೆ.

ಅದೇ ಹೊತ್ತಿಗೆ ದಕ್ಷಿಣದಲ್ಲಿ ಭೀಕರ ಬರ ಬಂತು. 1876ರಿಂದ 78ರವರೆಗಿನ ಆ ಬರದಲ್ಲಿ ಮೈಸೂರು ಸಂಸ್ಥಾನ, ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ, ಮುಂಬಯಿ ಕರ್ನಾಟಕದ ಜಿಲ್ಲೆಗಳು ನಲುಗಿಹೋದವು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮದರಾಸು ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದು ಆಣೆ ಸಾಕು ಎಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಗೊತ್ತುಮಾಡಿದರು. ಒಂದು ಪೌಂಡ್ ಎಂದರೆ ಇಂದಿನ ಲೆಕ್ಕದಲ್ಲಿ ಅರ್ಧ ಕಿಲೋಗೂ ಕಡಿಮೆ. ಹೆಂಗಸರಿಗೂ ಮಕ್ಕಳಿಗೂ ಇನ್ನಷ್ಟು ಕಡಿತ. ಮದರಾಸಿನ ಆರೋಗ್ಯ ಕಮಿಷನರ್ ಡಬ್ಲ್ಯು. ಆರ್. ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ಒಂದೂವರೆ ಪೌಂಡ್ ಧಾನ್ಯವಾದರೂ ಬೇಕು, ಜೊತೆಗೆ ಬೇಳೆಯೂ ತರಕಾರಿಯೂ ಬೇಕು ಎಂದು ಹಟ ಹಿಡಿದರು. ಕೆಲವು ತಿಂಗಳ ಜಗಳದ ನಂತರ ಪಡಿ ಸ್ವಲ್ಪ ಏರಿತು, ಆದರೆ ಕಾರ್ನಿಶ್ ಕೇಳಿದಷ್ಟು ಏರಲಿಲ್ಲ. ಅರ್ಧ ಪೌಂಡ್ ಕಾಳಿನ ವ್ಯತ್ಯಾಸ ಕಚೇರಿಯಲ್ಲಿ ಕಾಗದದ ಮೇಲಿನ ವಾದವಾಗಿತ್ತು. ಕೆರೆಯ ಏರಿಯ ಮೇಲೆ ಬುಟ್ಟಿ ಹೊತ್ತವರಿಗೆ ಅದು ಪ್ರಾಣದ ಮಾತು.

ಬರಗಾಲದ ಈ ಅಳತೆ ಬರ ಮುಗಿದ ಮೇಲೂ ಮಾಯವಾಗಲಿಲ್ಲ. ಮುಂಬಯಿ ಸರ್ಕಾರದ ಕಾರ್ಮಿಕ ಕಚೇರಿ 1921-22ರಲ್ಲಿ ನಗರದ ದುಡಿಯುವ ಕುಟುಂಬಗಳ ಆಯವ್ಯಯವನ್ನು ಸಂಗ್ರಹಿಸಿತು. ಫಿಂಡ್ಲೆ ಶಿರಾಸ್ ಸಿದ್ಧಪಡಿಸಿದ ಆ ವರದಿ 1923ರಲ್ಲಿ ಹೊರಬಂತು. ಖರ್ಚಿನ ಅರ್ಧಕ್ಕಿಂತ ಹೆಚ್ಚು ಊಟಕ್ಕೇ ಹೋಗುತ್ತಿತ್ತು ಎನ್ನುವುದು ಎಂಗೆಲ್ ಓದಿದವರಿಗೆ ಅಚ್ಚರಿಯ ವಿಷಯವಲ್ಲ. ಬೆಚ್ಚಿಬೀಳಿಸುವುದು ವರದಿ ತಲುಪಿದ ಇನ್ನೊಂದು ತೀರ್ಮಾನ. ಮಿಲ್ಲಿನ ಕಾರ್ಮಿಕರು ತಿನ್ನುವ ಧಾನ್ಯ ಬರಗಾಲದ ಸಂಹಿತೆ ಅನುಮತಿಸುವ ಗರಿಷ್ಠ ಪಡಿಯಷ್ಟಿತ್ತು, ಆದರೆ ಮುಂಬಯಿ ಸೆರೆಮನೆ ಕೈಪಿಡಿಯಲ್ಲಿ ಕೈದಿಗೆ ಗೊತ್ತುಮಾಡಿದ್ದ ಆಹಾರಕ್ಕಿಂತ ಕಡಿಮೆಯಿತ್ತು. ಬರವಿಲ್ಲದ ವರ್ಷದಲ್ಲಿ, ದೇಶದ ಅತಿ ಸಿರಿವಂತ ನಗರದಲ್ಲಿ, ಕೆಲಸವಿದ್ದ ಜನರ ಸ್ಥಿತಿ ಇದು.

ಇಂಗ್ಲೆಂಡಿನವರು ತಮ್ಮ ಬಡವರ ವಿಷಯದಲ್ಲಾದರೂ ಬೇರೆ ಅಳತೆ ಇಟ್ಟುಕೊಂಡಿದ್ದರೇ? ಸೀಬೋಮ್ ರೌಂಟ್ರಿ 1899ರಲ್ಲಿ ಯಾರ್ಕ್ ಪಟ್ಟಣದ 11,560 ಕುಟುಂಬಗಳ ಸಮೀಕ್ಷೆ ನಡೆಸಿ 1901ರಲ್ಲಿ ಪ್ರಕಟಿಸಿದರು. ಗಂಡ, ಹೆಂಡತಿ, ಮೂವರು ಮಕ್ಕಳ ಸಂಸಾರ ಬರೇ ಮೈ ಹಿಡಿದುಕೊಂಡಿರಲು ವಾರಕ್ಕೆ 21 ಶಿಲಿಂಗ್ 8 ಪೆನ್ನಿ ಬೇಕು ಎಂಬುದು ಅವರ ಲೆಕ್ಕ. ಅದರಲ್ಲಿ ಊಟಕ್ಕೆ 12 ಶಿಲಿಂಗ್ 9 ಪೆನ್ನಿ, ಬಾಡಿಗೆಗೆ 4 ಶಿಲಿಂಗ್, ಬಟ್ಟೆ, ಸೌದೆ, ದೀಪ ಮುಂತಾದವಕ್ಕೆ 4 ಶಿಲಿಂಗ್ 11 ಪೆನ್ನಿ. ಊಟದ ಪಟ್ಟಿಯನ್ನು ಅವರು ರೂಪಿಸಿದ್ದು ದಿಕ್ಕಿಲ್ಲದವರನ್ನು ಇರಿಸುತ್ತಿದ್ದ ವರ್ಕ್‌ಹೌಸುಗಳ ಊಟವನ್ನು ಆಧಾರವಾಗಿಟ್ಟುಕೊಂಡು, ಅದಕ್ಕಿಂತಲೂ ಬಿಗಿಯಾಗಿ. ಹಸಿ ಮಾಂಸ ಅದರಲ್ಲಿ ಇರಲೇ ಇಲ್ಲ. ಇಷ್ಟು ಕಡಿಮೆ ಹಣದಲ್ಲಿ ಬದುಕುವವರು ಬಸ್ಸು ಹತ್ತುವಂತಿಲ್ಲ, ಕಾಗದ ಬರೆದು ಅಂಚೆಗೆ ಹಾಕುವಂತಿಲ್ಲ ಎಂದು ಅವರೇ ಒಪ್ಪಿಕೊಂಡರು. ರೌಂಟ್ರಿಯ ಉದ್ದೇಶ ಬಡವರನ್ನು ಹಿಂಡುವುದಾಗಿರಲಿಲ್ಲ. ಯಾರೂ ‘ಇದು ದುಂದು’ ಎಂದು ತಳ್ಳಿಹಾಕಲಾಗದಂಥ ಕನಿಷ್ಠ ಅಳತೆಯಿಟ್ಟರೂ ಯಾರ್ಕಿನ ಜನರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಆ ವರಮಾನವೇ ಇಲ್ಲ ಎಂದು ತೋರಿಸುವುದಾಗಿತ್ತು. ಆದರೂ ಅಳತೆ ಅಳತೆಯೇ. ಒಮ್ಮೆ ಬರೆದಿಟ್ಟ ಕನಿಷ್ಠವನ್ನು ‘ಇಷ್ಟು ಕೊಟ್ಟರೆ ಸಾಕು’ ಎಂದು ಓದುವವರು ಯಾವ ಕಾಲದಲ್ಲೂ ಇರುತ್ತಾರೆ.

ಈ ಸಾಲಿನಲ್ಲಿ ದಾರಿ ಬದಲಿಸಿದ್ದು, ನನ್ನ ಮಟ್ಟಿಗೆ, ಲಂಡನ್ನಿನ ಲ್ಯಾಂಬೆತ್ ಬಡಾವಣೆಯಲ್ಲಿ ನಡೆದ ಒಂದು ಸಣ್ಣ ಕೆಲಸ. ಅಲ್ಲಿ ಪರಿಣತರು ಪಟ್ಟಿ ಬರೆಯಲಿಲ್ಲ, ಮನೆಯ ಹೆಂಗಸರೇ ಬರೆದರು.

ಫೇಬಿಯನ್ ಸೊಸೈಟಿಯ ಮಹಿಳಾ ಬಳಗ 1909ರಿಂದ 1913ರವರೆಗೆ ಲ್ಯಾಂಬೆತ್‌ನ ಸುಮಾರು 40 ಕುಟುಂಬಗಳನ್ನು ವಾರವಾರವೂ ಭೇಟಿ ಮಾಡಿತು. ಇದರ ಮುಂದಾಳುಗಳು ಮಾಡ್ ಪೆಂಬರ್ ರೀವ್ಸ್ ಮತ್ತು ವೈದ್ಯೆ ಎಥೆಲ್ ಬೆಂಥಮ್. ಬಸುರಿಗೂ ಹಸುಗೂಸಿಗೂ ಒಳ್ಳೆಯ ಆಹಾರ ಸಿಕ್ಕರೆ ಆರೋಗ್ಯ ಎಷ್ಟು ಸುಧಾರಿಸುತ್ತದೆ ಎಂದು ತಿಳಿಯುವುದು ಮೂಲ ಉದ್ದೇಶ. ಅದಕ್ಕಾಗಿ ತಾಯಂದಿರಿಗೆ ವಾರಕ್ಕೆ 5 ಶಿಲಿಂಗ್ ಕೊಟ್ಟರು. ಬದಲಿಗೆ ಅವರು ವಾರದ ಖರ್ಚನ್ನೆಲ್ಲ ಬರೆದಿಡಬೇಕಿತ್ತು. ಕೆಲವರಿಗೆ ಓದುಬರಹ ಇರಲಿಲ್ಲ. ಅವರ ಲೆಕ್ಕವನ್ನು ಮನೆಯ ಬೇರೆಯವರು ಬರೆದುಕೊಟ್ಟರು. ಇವು ತೀರಾ ದಿಕ್ಕೆಟ್ಟ ಮನೆಗಳಲ್ಲ. ಗಂಡಂದಿರಿಗೆ ಕೆಲಸವಿತ್ತು, ಕುಡುಕರಲ್ಲ, ವಾರಕ್ಕೆ ಸುಮಾರು ಒಂದು ಪೌಂಡ್, ಅಂದರೆ 20 ಶಿಲಿಂಗಿನ ಆಸುಪಾಸು ಸಂಬಳ ತರುತ್ತಿದ್ದರು. 1913ರಲ್ಲಿ ರೀವ್ಸ್ ಬರೆದ ಪುಸ್ತಕದ ಹೆಸರೂ ಅದನ್ನೇ ಹೇಳುತ್ತದೆ: ‘ರೌಂಡ್ ಅಬೌಟ್ ಎ ಪೌಂಡ್ ಎ ವೀಕ್’.

ಆ ಲೆಕ್ಕದ ಪುಸ್ತಕಗಳಲ್ಲಿ ಊಟದ ಬಾಬತ್ತು ಮೊದಲು ಬರುವುದಿಲ್ಲ. ಮೊದಲು ಬಾಡಿಗೆ: 6ರಿಂದ 8 ಶಿಲಿಂಗ್. ವರ್ಷಕ್ಕೆ 2,000 ಪೌಂಡ್ ವರಮಾನವಿದ್ದ ಅನುಕೂಲಸ್ಥರು ಮನೆಗೆ ವರಮಾನದ ಎಂಟನೆಯ ಒಂದು ಪಾಲು ಕೊಟ್ಟರೆ ಲ್ಯಾಂಬೆತ್‌ನವರು ಮೂರನೆಯ ಒಂದು ಪಾಲು ಕೊಡುತ್ತಿದ್ದರು ಎಂದು ರೀವ್ಸ್ ತೋರಿಸುತ್ತಾರೆ. ಆಮೇಲೆ ಶವಸಂಸ್ಕಾರದ ವಿಮೆ, ಮಗುವಿಗೆ ವಾರಕ್ಕೊಂದು ಪೆನ್ನಿಯಂತೆ. ಹೊಟ್ಟೆಗೆ ಸಾಲದಿರುವಾಗ ಸಾವಿಗೆ ದುಡ್ಡು ಕಟ್ಟುವುದು ಮೂರ್ಖತನ ಎಂದು ಹೊರಗಿನವರು ಬೈಯುತ್ತಿದ್ದರು. ಆದರೆ ಮಕ್ಕಳು ಸಾಯುತ್ತಲೇ ಇದ್ದ ಬಡಾವಣೆಯಲ್ಲಿ, ಸರ್ಕಾರಿ ದಿಕ್ಕಿಲ್ಲದ ಹೆಣದಂತೆ ತನ್ನ ಮಗುವನ್ನು ಕಳಿಸಲು ಯಾವ ತಾಯಿಯೂ ಒಪ್ಪುತ್ತಿರಲಿಲ್ಲ. ಆಮೇಲೆ ಕಲ್ಲಿದ್ದಲು. ಅನುಕೂಲಸ್ಥರು ಟನ್ನುಗಟ್ಟಲೆ ಒಟ್ಟಿಗೆ ಕೊಂಡು ಅಗ್ಗವಾಗಿ ಪಡೆಯುತ್ತಿದ್ದರೆ, ಇಡಲು ಜಾಗವೂ ಕೊಡಲು ದುಡ್ಡೂ ಇಲ್ಲದವರು ಸುಮಾರು 50 ಕಿಲೋದ ಒಂದೊಂದೇ ಮೂಟೆ ತಂದು ಹೆಚ್ಚು ತೆರುತ್ತಿದ್ದರು. ಸಕ್ಕರೆ, ಚಹಾಪುಡಿಗಳದೂ ಇದೇ ಕತೆ. ಚಿಲ್ಲರೆಯಾಗಿ ಕೊಂಡವರಿಗೇ ದುಬಾರಿ ಎಂಬ ಮಾತು ನಮ್ಮ ಬೀದಿಯ ಕಿರಾಣಿ ಅಂಗಡಿಗೂ ಹೊಸದಲ್ಲ.

ಇಷ್ಟೆಲ್ಲ ಕಳೆದು ಉಳಿದದ್ದು ಊಟಕ್ಕೆ. ಊಟದ ಖರ್ಚನ್ನು ಮಾತ್ರ ಹಿಗ್ಗಿಸಲೂ ಕುಗ್ಗಿಸಲೂ ಬರುತ್ತದೆ; ಬಾಡಿಗೆಯವನು ಕಾಯುವುದಿಲ್ಲ, ಹೊಟ್ಟೆ ಕಾಯುತ್ತದೆ. ಎಷ್ಟೋ ಮನೆಗಳಲ್ಲಿ ತಲೆಗೆ ದಿನಕ್ಕೆ ಎರಡು ಮೂರು ಪೆನ್ನಿ ಉಳಿಯುತ್ತಿತ್ತು. ಅದರಲ್ಲಿ ಬ್ರೆಡ್ಡು, ಆಲೂಗಡ್ಡೆ, ಚಹಾ. ಮಾಂಸ ಬಂದರೆ ಅದರ ಬಹುಪಾಲು ದುಡಿಯುವ ಗಂಡಸಿಗೆ. ಅವನು ಹಾಸಿಗೆ ಹಿಡಿದರೆ ಇಡೀ ಸಂಸಾರ ಬೀದಿಗೆ ಬರುತ್ತದೆ, ಆದ್ದರಿಂದ ಅವನ ತಟ್ಟೆ ತುಂಬಲೇಬೇಕು. ಅದರ ನಂತರ ಮಕ್ಕಳು. ಕೊನೆಗೆ ಅವಳು.

ಬಡವರಿಗೆ ಬುದ್ಧಿ ಹೇಳುವವರು ಆಗಲೂ ಕಡಿಮೆ ಇರಲಿಲ್ಲ. ‘ಬ್ರೆಡ್ಡಿನ ಬದಲು ಓಟ್ಸಿನ ಗಂಜಿ ಮಾಡಿದರೆ ಅಗ್ಗ, ಪುಷ್ಟಿಕರ’ ಎನ್ನುತ್ತಿದ್ದರು. ರೀವ್ಸ್ ಈ ಉಪದೇಶವನ್ನು ಲ್ಯಾಂಬೆತ್‌ನ ಅಡುಗೆಮನೆಗೇ ತಂದು ನೋಡುತ್ತಾರೆ. ಗಂಜಿ ಬೇಯಲು ಹೊತ್ತು ಬೇಕು, ಹೊತ್ತಿಗೆ ಉರುವಲು ಬೇಕು. ಇರುವ ಒಂದು ಹಳೆಯ ಪಾತ್ರೆಯಲ್ಲಿ ಅದು ತಳ ಹತ್ತುತ್ತದೆ, ಹಿಂದಿನ ದಿನದ ಸಾರಿನ ವಾಸನೆ ಬರುತ್ತದೆ. ಹಾಲು ಸಕ್ಕರೆ ಇಲ್ಲದೆ ಮಕ್ಕಳು ಮುಟ್ಟುವುದಿಲ್ಲ, ಹಾಲು ಸಕ್ಕರೆ ಹಾಕಿದರೆ ಅದು ಅಗ್ಗದ ಊಟವೇ ಅಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ನಮ್ಮ ಗಾದೆ ನನಗೆ ಇಲ್ಲಿ ನೆನಪಾಯಿತು. ಚಾಚಲು ಹಾಸಿಗೆಯಾದರೂ ಇರಬೇಕಲ್ಲ! ಆ ಹೆಂಗಸರಿಗೆ ಮನೆ ನಡೆಸಲು ಬರುವುದಿಲ್ಲ ಎಂದವರಿಗೆ ಆ ಲೆಕ್ಕದ ಪುಸ್ತಕಗಳೇ ಉತ್ತರ. ಅವರಷ್ಟು ಜಾಣತನದಿಂದ ಪೆನ್ನಿಯನ್ನು ಎಣಿಸಿದವರು ಇರಲಾರರು; ಎಣಿಸಲು ಪೆನ್ನಿಗಳೇ ಸಾಕಷ್ಟು ಇರಲಿಲ್ಲ.

ಲ್ಯಾಂಬೆತ್‌ನ ಕೆಲಸದಿಂದ ರೀವ್ಸ್ ತಲುಪಿದ ತೀರ್ಮಾನ, ಮಕ್ಕಳ ಪೋಷಣೆಯಲ್ಲಿ ಸರ್ಕಾರ ಪಾಲು ಹೊರಬೇಕು ಎಂಬುದು. ಅದು ಕಾನೂನಾಗಲು ಎರಡು ಮಹಾಯುದ್ಧಗಳು ಕಳೆಯಬೇಕಾಯಿತು. 1945ರ ಕುಟುಂಬ ಭತ್ಯೆ ಕಾಯ್ದೆಯಲ್ಲಿ, ಮೊದಲನೆಯ ಮಗುವನ್ನು ಬಿಟ್ಟು ಉಳಿದ ಪ್ರತಿ ಮಗುವಿಗೆ ವಾರಕ್ಕೆ 5 ಶಿಲಿಂಗ್ ಕೊಡುವುದೆಂದಾಯಿತು. ಹಣವನ್ನು ತಂದೆಯ ಕೈಗೆ ಕೊಡುವ ಯೋಚನೆಯಿತ್ತು. ಪಾರ್ಲಿಮೆಂಟ್ ಸದಸ್ಯೆ ಎಲೀನರ್ ರಾತ್‌ಬೋನ್ ಹೋರಾಡಿ ಅದು ತಾಯಿಯ ಕೈಗೇ ಸೇರುವಂತೆ ಮಾಡಿದರು. ನಮ್ಮ ರಾಜ್ಯದಲ್ಲಿ 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೆ ಹಾಕತೊಡಗಿದಾಗ ನಡೆದ ಚರ್ಚೆಗಳನ್ನು ಕೇಳಿದವರಿಗೆ ಈ ಜಗಳ ಅಪರಿಚಿತವೆನಿಸದು. ದುಡ್ಡು ಯಾರ ಕೈಗೆ ಎಂಬುದು ಊಟ ಯಾರ ತಟ್ಟೆಗೆ ಎಂಬ ಮಾತೂ ಹೌದು.

ಸ್ವತಂತ್ರ ಭಾರತ ಈ ಎಲ್ಲ ಪರಂಪರೆಯನ್ನು ತನ್ನದೇ ರೀತಿಯಲ್ಲಿ ಮುಂದುವರಿಸಿತು. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ, ಕನಿಷ್ಠ ಕೂಲಿಯನ್ನು ಕುಟುಂಬದ ಅಗತ್ಯದಿಂದ ಲೆಕ್ಕ ಹಾಕಬೇಕೆಂದು ಒಪ್ಪಿತು. ಸೆರೆಮನೆ ಕೈಪಿಡಿಯ ಬದಲು ಪೋಷಣಾ ತಜ್ಞ ಅಯ್ಕ್ರಾಯ್ಡ್ ಹೇಳಿದ ಕ್ಯಾಲೊರಿ ಲೆಕ್ಕ ಬಂತು. ಇದು ದೊಡ್ಡ ಹೆಜ್ಜೆಯೇ. ಆದರೆ ದುಡಿಯುವವನ ಕುಟುಂಬವನ್ನು ಮೂರು ‘ಬಳಕೆ ಘಟಕ’ಗಳೆಂದು ಎಣಿಸಿದರು. ಗಂಡಸು ಒಂದು, ಹೆಂಗಸು 0.8, ಇಬ್ಬರು ಮಕ್ಕಳು ತಲಾ 0.6. ಮುಂದೆ ಬಡತನದ ಗೆರೆಗಳೂ ಕ್ಯಾಲೊರಿಯಿಂದಲೇ ಹುಟ್ಟಿದವು. 1971ರಲ್ಲಿ ದಾಂಡೇಕರ್ ಮತ್ತು ರಥ್ ದಿನಕ್ಕೆ 2,250 ಕ್ಯಾಲೊರಿಯನ್ನು ಆಧಾರವಾಗಿಟ್ಟುಕೊಂಡರು. 2011ರಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿನ ಮುಂದೆ ನಗರದಲ್ಲಿ ದಿನಕ್ಕೆ 32 ರೂಪಾಯಿ, ಹಳ್ಳಿಯಲ್ಲಿ 26 ರೂಪಾಯಿಯ ಲೆಕ್ಕ ಇಟ್ಟಾಗ ದೇಶವೇ ಸಿಟ್ಟಾಯಿತು. ಆ ಸಿಟ್ಟಿನ ಹಿಂದೆ ಇದ್ದದ್ದು ನವರೋಜಿಯವರದೇ ಪ್ರಶ್ನೆ: ಈ ಅಳತೆಯನ್ನು ಬರೆದವರು ಇದರಲ್ಲಿ ಒಂದು ವಾರ ಬದುಕಬಲ್ಲರೇ?

ಗೆರೆ ಎಲ್ಲಿ ಎಳೆಯಬೇಕು ಎಂಬುದಷ್ಟೇ ಅಲ್ಲ, ಪ್ರಶ್ನೆಯನ್ನು ಹೇಗೆ ಕೇಳಬೇಕು ಎಂಬುದೂ ಜಗಳದ ವಿಷಯವಾಯಿತು. ಇಲ್ಲಿ ‘ವಾರ’ ಮತ್ತೆ ಬರುತ್ತದೆ. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾದಾಗ, ಮನೆಯವರನ್ನು ‘ಕಳೆದ ವಾರ ಏನೇನು ತಿಂದಿರಿ’ ಎಂದು ಕೇಳಬೇಕೇ, ‘ಕಳೆದ ತಿಂಗಳು’ ಎಂದು ಕೇಳಬೇಕೇ ಎಂಬ ಸಂದೇಹವಿತ್ತು. ಮಹಲನೋಬಿಸ್ ಮತ್ತು ಅವರ ಸಂಗಡಿಗರು ಬಂಗಾಳದ ಹಳ್ಳಿಗಳಲ್ಲಿ ಪ್ರಯೋಗ ಮಾಡಿ, ತೂಕ ಮಾಡಿ ನೋಡಿದ ಅಕ್ಕಿ ಬೇಳೆಗೆ ತಿಂಗಳ ಲೆಕ್ಕವೇ ಹತ್ತಿರ ಎಂದು ಕಂಡುಕೊಂಡರು. ಅದೇ ರೂಢಿಯಾಯಿತು. 1990ರ ದಶಕದಲ್ಲಿ ಮತ್ತೆ ಪ್ರಯೋಗ ಮಾಡಿದಾಗ, ಊಟದ ಖರ್ಚನ್ನು ವಾರದ ಲೆಕ್ಕದಲ್ಲಿ ಕೇಳಿದರೆ ಎಷ್ಟು ಹೆಚ್ಚು ಬರುತ್ತದೆಂದರೆ, ದೇಶದ ಬಡವರ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದುಬಿಡುತ್ತಿತ್ತು! ಯಾರ ಮನೆಯಲ್ಲೂ ಒಂದು ಹಿಡಿ ಅಕ್ಕಿ ಹೆಚ್ಚಾಗಿರಲಿಲ್ಲ. ಬದಲಾಗಿದ್ದು ಪ್ರಶ್ನೆ ಮಾತ್ರ. 1999-2000ದ ಸಮೀಕ್ಷೆಯಲ್ಲಿ ಎರಡೂ ಪ್ರಶ್ನೆಗಳನ್ನು ಅಕ್ಕಪಕ್ಕದಲ್ಲೇ ಕೇಳಿದ್ದರಿಂದ ಒಂದರ ಉತ್ತರ ಇನ್ನೊಂದನ್ನು ಎಳೆಯಿತು, ಹಳೆಯ ವರ್ಷಗಳ ಜೊತೆ ಹೋಲಿಸುವುದೇ ಕಷ್ಟವಾಯಿತು. ಮುಂದೆ ನೊಬೆಲ್ ಪಡೆದ ಆಂಗಸ್ ಡೀಟನ್ ಸೇರಿದಂತೆ ಅನೇಕರು ವರ್ಷಗಟ್ಟಲೆ ಈ ವಾದದಲ್ಲಿ ತೊಡಗಿದ್ದರು.

ಈಗಿನ ಸಮೀಕ್ಷೆ ನಡುದಾರಿ ಹಿಡಿದಿದೆ. ತರಕಾರಿ, ಹಣ್ಣು, ಮೊಟ್ಟೆ, ಮೀನು, ಮಾಂಸ, ಎಣ್ಣೆಗಳಂಥವನ್ನು ಏಳು ದಿನದ ಲೆಕ್ಕದಲ್ಲಿ, ಅಕ್ಕಿ ಗೋಧಿಗಳಂಥವನ್ನು ಮೂವತ್ತು ದಿನದ ಲೆಕ್ಕದಲ್ಲಿ ಕೇಳುತ್ತದೆ. 2023-24ರ ಅಂಕಿಗಳ ಪ್ರಕಾರ ಹಳ್ಳಿಗಳಲ್ಲಿ ತಲೆಗೆ ತಿಂಗಳಿಗೆ ಸರಾಸರಿ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ ಖರ್ಚು. ಅದರಲ್ಲಿ ಊಟದ ಪಾಲು ಹಳ್ಳಿಯಲ್ಲಿ ಶೇ. 47, ನಗರದಲ್ಲಿ ಶೇ. 40ರ ಸಮೀಪ. ಹಳ್ಳಿಯ ಖರ್ಚಿನಲ್ಲಿ 1999-2000ದಲ್ಲಿ ಶೇ. 22ರಷ್ಟಿದ್ದ ಧಾನ್ಯದ ಪಾಲು 2022-23ಕ್ಕೆ ಶೇ. 5ಕ್ಕೂ ಕೆಳಗಿಳಿದಿದೆ, ಪಾನೀಯ, ತಿಂಡಿ, ಸಿದ್ಧ ಆಹಾರಗಳ ಪಾಲು ಏರಿದೆ. ಎಂಗೆಲ್ ಇಂದು ಬಂದು ನೋಡಿದರೆ ಸಂತೋಷಪಟ್ಟಾರು. ಸೆರೆಮನೆಯ ತಟ್ಟೆಯ ಜೊತೆ ಹೋಲಿಸುವ ಕಾಲದಿಂದ ನಾವು ದೂರ ಬಂದಿದ್ದೇವೆ ಎಂಬುದು ಸುಳ್ಳಲ್ಲ.

ಆದರೆ ಸರಾಸರಿ ಒಂದು ಮನೆಯ ಬಾಗಿಲಿನವರೆಗೆ ಮಾತ್ರ ಬರುತ್ತದೆ. ಮನೆಗೆ ಎಷ್ಟು ಬಂತು ಎಂದು ಕೇಳಿ, ತಲೆಗಳಿಂದ ಭಾಗಿಸಿ, ಎಲ್ಲರೂ ಸಮನಾಗಿ ಉಂಡರು ಎಂದುಕೊಂಡು ಹಿಂದಿರುಗುತ್ತದೆ. ಅಡುಗೆಮನೆಯಲ್ಲಿ ಬಡಿಸುವ ಕ್ರಮ ಆ ಭಾಗಾಕಾರಕ್ಕೆ ಗೊತ್ತಿಲ್ಲ. ಲ್ಯಾಂಬೆತ್‌ನ ಹೆಂಗಸರ ಲೆಕ್ಕದ ಪುಸ್ತಕಗಳಿಗೆ ನೂರು ವರ್ಷ ದಾಟಿದ ಮೇಲೂ ನಾನು ಮತ್ತೆ ಮತ್ತೆ ಮರಳುವುದು ಈ ಕಾರಣಕ್ಕೆ. ವಾರವಾರವೂ ಅದೇ ಮನೆಗೆ ಹೋಗಿ, ಅದೇ ಒಲೆಯ ಮುಂದೆ ಕುಳಿತು ಕೇಳಿದ್ದರಿಂದ, ಬೇರೆ ಸಮೀಕ್ಷೆಗಳಿಗೆ ಕಾಣದ ಒಂದು ವಿಷಯ ಅಲ್ಲಿ ದಾಖಲಾಯಿತು: ದುಡ್ಡು ಸಾಲದ ವಾರದಲ್ಲಿ ಯಾರ ಊಟ ಕಡಿಮೆಯಾಗುತ್ತದೆ ಎಂಬುದು. ‘ಸಂತೆಗೆ ಎಷ್ಟಾಯಿತು’ ಎಂದು ಕೇಳುವ ನಮೂನೆಗಳು ಈಗ ಎಷ್ಟೋ ಉತ್ತಮಗೊಂಡಿವೆ, ಟ್ಯಾಬ್ಲೆಟ್ಟಿಗೂ ಬಂದಿವೆ. ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯಲ್ಲಿ ಎಷ್ಟು ಉಳಿದಿತ್ತು, ಅದನ್ನು ಉಂಡವರು ಯಾರು ಎಂದು ಕೇಳುವ ಕಾಲಂ ಆ ಭಾಗಾಕಾರದಲ್ಲಿ ಇನ್ನೂ ಸೇರಿಲ್ಲ.